ಮೂರನೆಯ ಕರಟ

ಸಾಲಿನಲ್ಲಿ ಒಂದು ತೊಟ್ಟೆ ಖಾಲಿ ಕಂಡರೆ ನನ್ನ ಕೈ ತಾನಾಗಿ ಅತ್ತ ಹೋಗುತ್ತದೆ. ತೊಟ್ಟೆ ಎಂದರೆ ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಚೀಲ. ಶೆಟ್ಟಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ನರ್ಸರಿ. ಅಡಿಕೆ, ಕಾಳುಮೆಣಸು, ಒಂದಷ್ಟು ಕಾಫಿ ಸಸಿ. ಅಪ್ಪ ಅಮ್ಮ ಶುರು ಮಾಡಿದ್ದನ್ನು ಈಗ ನಾನು ನಡೆಸುತ್ತಿದ್ದೇನೆ. ಬುದ್ಧಿ ಬಂದಾಗಿನಿಂದ ನಾನು ಕಲಿತ ಕೆಲಸ ಇದೊಂದೇ, ಮತ್ತು ಇದರಲ್ಲಿ ಮೊದಲು ಕಲಿತದ್ದು ಖಾಲಿ ಬಿಡಬಾರದು ಎನ್ನುವುದು.

ಅದನ್ನು ಕಲಿಸಿದ್ದು ಅಮ್ಮ. ಬೀಜದ ಅಡಿಕೆಯನ್ನು ತೊಟ್ಟು ಮೇಲೆ ಮಾಡಿ ಮರಳಿನ ಪಾತಿಯಲ್ಲಿ ಒತ್ತೊತ್ತಾಗಿ ಕೂರಿಸಿ, ಮೇಲೆ ಹುಲ್ಲು ಹೊದಿಸಿ ನೀರು ಕೊಡುತ್ತಿದ್ದರು. ಮೊಳಕೆ ಕಂಡದ್ದನ್ನು ಆರಿಸಿ ತೊಟ್ಟೆಗೆ ಹಾಕುವುದು. ತೊಟ್ಟೆಗೆ ಹೋದ ಮೇಲೂ ಕೆಲವು ಸಾಯುತ್ತವೆ. ಅಂಥದ್ದು ಕಂಡ ಕೂಡಲೇ ಬೆರಳು ಹಾಕಿ ಸತ್ತದ್ದನ್ನು ಕಿತ್ತು ಬೇರೆಯದನ್ನು ಇಡಬೇಕು. ಅದಕ್ಕೆಂದೇ ಪ್ರತಿ ಸಲ ಒಂದು ಹಿಡಿ ಬೀಜ ಹೆಚ್ಚಿಗೆ ಮೊಳಕೆಗೆ ಹಾಕಿರುತ್ತಿದ್ದರು. "ಒಂದು ತೊಟ್ಟೆ ಖಾಲಿ ಕಂಡ್ರೆ ಗಿರಾಕಿ ಉಳಿದ ಸಸೀನೂ ಒಂಥರಾ ನೋಡ್ತಾನೆ. ನಮ್ಮ ಬೀಜ ಸರಿ ಇಲ್ಲ ಅಂತ ನಾವೇ ಬೋರ್ಡು ಹಾಕ್ದಂಗೆ" ಎನ್ನುತ್ತಿದ್ದರು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನಾನೂ ಅಮ್ಮನೂ ಸಾಲುಗಳ ನಡುವೆ ಒಂದು ಸುತ್ತು ಬರುತ್ತಿದ್ದೆವು. ಇಬ್ಬನಿಯಲ್ಲಿ ಲಂಗದ ಅಂಚು ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. ಆ ತಣ್ಣನೆಯ ಅಂಟು, ಒದ್ದೆ ಗೋಣಿಯ ವಾಸನೆ, ಅಮ್ಮ ಬಗ್ಗಿ ಹುಲ್ಲು ಸರಿಸುವಾಗ ಅವರ ಬಳೆ ಸದ್ದು. ಈಗಲೂ ಸಾಲಿನ ನಡುವೆ ನಿಂತರೆ ಅವರು ಮುಂದಿನ ಸಾಲಿನಲ್ಲಿದ್ದಾರೆ ಅನ್ನಿಸುತ್ತದೆ.

ನಾನು ಓದಿದ್ದು ಏಳನೇ ತರಗತಿ. ಯಾರೂ ಬಿಡಿಸಲಿಲ್ಲ. ಆ ವರ್ಷ ಸಸಿಗೆ ಬೇಡಿಕೆ ಜಾಸ್ತಿ ಇತ್ತು, ಮಳೆಗಾಲ ಮುಗಿಯಲಿ ಎಂದು ನಿಂತವಳು ಮತ್ತೆ ಹೋಗಲಿಲ್ಲ. ನನಗೆ ಬೇಸರವೂ ಆಗಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕ ಬೇಕಾಗಿದ್ದುದು ನನ್ನ ತಂಗಿಗೆ.

ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ಅವಳಿಂದ ನರ್ಸರಿಗೆ ನಷ್ಟವೇ ಹೆಚ್ಚು. ಹಾಕಿದ ಬೀಜವನ್ನು ಮರುದಿನ ಕೆದಕಿ ತೆಗೆದು ನೋಡುತ್ತಿದ್ದಳು. ಬೇರು ಮೊದಲು ಬರುತ್ತದೋ ಎಲೆ ಮೊದಲೋ, ತಲೆಕೆಳಗಾಗಿ ಹಾಕಿದರೆ ಬೇರು ಮೇಲಕ್ಕೆ ಹೋಗುತ್ತದೋ, ಇಂಥವೇ. ಅಮ್ಮ ಅವಳನ್ನು ಕೋಳಿ ಎಂದೇ ಕರೆಯುತ್ತಿದ್ದರು. "ಕೋಳಿ ಬಂತು, ಪಾತಿ ಮುಚ್ಚೇ" ಎಂದು ನನಗೆ ಹೇಳುವರು. ಅವಳು ನಗುತ್ತ, ಬೆರಳ ತುದಿಯಲ್ಲಿ ಒಂದು ಬೀಜ ಹಿಡಿದು, "ಅಕ್ಕ, ಇದು ಬದುಕಿದೆ ಅಂತ ಇದಕ್ಕೆ ಗೊತ್ತಾ?" ಎಂದು ಕೇಳುವಳು. ನಾನು ಅದನ್ನು ಕಸಿದು ಮತ್ತೆ ಮರಳಿಗೆ ಇಡುತ್ತಿದ್ದೆ.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಕೊಪ್ಪದಲ್ಲಿ ಸುತ್ತಲಿನ ತಾಲ್ಲೂಕುಗಳ ಶಾಲೆಗಳನ್ನೆಲ್ಲ ಸೇರಿಸಿ ಒಂದು ವಿಜ್ಞಾನ ಪ್ರದರ್ಶನ ಇಟ್ಟಿದ್ದರು. ಅವಳ ಶಾಲೆಯಿಂದ ಹೋಗಲು ಅವಳನ್ನು ಆರಿಸಿದ್ದರು. ಅದಕ್ಕೆ ಮುಂಚೆ ನಮ್ಮ ಮನೆಯಿಂದ ಯಾರನ್ನೂ ಯಾವುದಕ್ಕೂ ಆರಿಸಿರಲಿಲ್ಲ. ಊಟಕ್ಕೆ ಕೂತಾಗ ಹೇಳಿದಳು, ಆಮ್ಲ ಮಳೆಯ ಬಗ್ಗೆ ಮಾಡುತ್ತೇನೆ, ದೊಡ್ಡ ಊರುಗಳಲ್ಲಿ ಕಾರ್ಖಾನೆಯ ಹೊಗೆ, ವಾಹನದ ಹೊಗೆ ಮೋಡಕ್ಕೆ ಸೇರಿ ಮಳೆ ಹುಳಿಯಾಗುತ್ತದೆ ಎಂದು.

ಅಮ್ಮ ಸಾರು ಬಡಿಸುತ್ತಿದ್ದರು. "ಮಳೆ ಹುಳಿ ಆಗೋ ಹಂಗಿದ್ರೆ ನಾನು ಸಾರಿಗೆ ಹುಣಸೆಹಣ್ಣು ಯಾಕೆ ಹಾಕ್ಬೇಕು ಮಾರಾಯ್ತಿ? ಸೂರಿನ ಕೆಳಗೆ ಪಾತ್ರೆ ಇಟ್ರೆ ಆಗ್ತಿತ್ತು."

"ನಾಲಿಗೆಗೆ ಗೊತ್ತಾಗಲ್ಲ ಅಮ್ಮ. ಬೀಜಕ್ಕೆ ಗೊತ್ತಾಗುತ್ತೆ. ನಾನು ಮೂರು ಥರದ ನೀರಲ್ಲಿ ಬೀಜ ಹಾಕಿ..."

"ಬೀಜದ ವಿಷಯ ನಂಗೆ ಬಿಡು" ಎಂದೆ ನಾನು. "ಒಳ್ಳೆ ಬೀಜ ಆರಿಸಿ ನಾನು ಕೊಡ್ತೀನಿ. ನಿನ್ನ ನೀರು ನೀನು ನೋಡ್ಕೊ."

ಅವಳು ಮುಂದೆ ಏನು ಹೇಳಿದಳೋ ನಾನು ಕಿವಿಗೊಡಲಿಲ್ಲ. ಮನೆಯಲ್ಲಿ ಬೀಜ ಮೊಳೆಯಿಸುವ ಕೈ ನನ್ನದು, ಒಂಬತ್ತನೇ ತರಗತಿಯವಳು ನನಗೇನು ಹೇಳುವುದು ಎಂದುಕೊಂಡೆ. ಆ ಒಂದು ಮಾತು ಪೂರ್ತಿ ಕೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಮೊದಲನೆಯ ನೀರಿಗೆ ಅವಳಿಗೆ ಶುದ್ಧವಾದ ಮಳೆ ಬೇಕಾಗಿತ್ತು. ನಮ್ಮೂರಿನಲ್ಲಿ ಸುರಿಯುವುದು ಸಾಲದೆಂದು ಕೆರೆಕಟ್ಟೆಯ ಚಿಕ್ಕಮ್ಮನ ಮನೆಗೆ ಹೋಗಬೇಕೆಂದು ಹಟ ಹಿಡಿದಳು. ಅದು ಕಾಡಿನ ಅಂಚು, ಅಲ್ಲಿ ವಾಹನ ಕಡಿಮೆ, ಹೊಗೆಯಿಲ್ಲ. ಒಂದು ಭಾನುವಾರ ಇಬ್ಬರೂ ಹೊರಟೆವು. ಶೃಂಗೇರಿಯಲ್ಲಿ ಬಸ್ಸು ಬದಲಿಸಬೇಕು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದು ಪ್ಲೇಟು ಬನ್ಸ್ ತಗೊಂಡು ಇಬ್ಬರೂ ಹಂಚಿ ತಿಂದೆವು. ಕೆರೆಕಟ್ಟೆಯ ಬಸ್ಸಿನಲ್ಲಿ ಕಿಟಕಿಯ ಟಾರ್ಪಾಲು ಹರಿದಿತ್ತು. ಇಳಿಯುವ ಹೊತ್ತಿಗೆ ನಾವೇ ಅರ್ಧ ನೀರಾಗಿದ್ದೆವು.

ಬಂದ ಕಾರಣ ಕೇಳಿ ಚಿಕ್ಕಮ್ಮ ಬಾಗಿಲಲ್ಲೇ ನಿಂತುಬಿಟ್ಟರು. "ನೆಂಟರು ಜೇನುತುಪ್ಪ ಬೇಕು ಅಂತ ಬಂದಿದಾರೆ, ಮಾವಿನ ಮಿಡಿ ಬೇಕು ಅಂತ ಬಂದಿದಾರೆ. ಮಳೇಲಿ ನೆಂದು, ಮಳೆ ಬೇಕು ಅಂತ ಬಂದೋರು ನೀವೇ ಕಣ್ರೇ ಮೊದ್ಲು."

"ಸೂರಿನ ನೀರು ಬೇಡ ಚಿಕ್ಕಮ್ಮ. ಹೆಂಚಿಗೆ ತಾಗ್ದೇ ಇರೋದು ಬೇಕು."

"ಹಂಗಾರೆ ಏಣಿ ಹಾಕ್ಕೊಡ್ಲಾ? ಮೋಡದಿಂದಾನೇ ಹಿಡ್ಕೊ."

ತಂಗಿ ಅಂಗಳದ ನಡುವೆ ಒಂದು ಕಲ್ಲಿನ ಮೇಲೆ ಸ್ಟೀಲಿನ ಪಾತ್ರೆ ಇಟ್ಟು ಬಂದಳು. ನಾವಿಬ್ಬರೂ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಆ ಪಾತ್ರೆ ತುಂಬುವುದನ್ನು ನೋಡಿದೆವು. ಪಾತ್ರೆ ಖಾಲಿ ಇದ್ದಾಗ ಮಳೆಯ ಸದ್ದು ಜೋರಾಗಿತ್ತು. ಸ್ವಲ್ಪ ತುಂಬಿದ ಮೇಲೆ ಸದ್ದು ಮೆತ್ತಗಾಯಿತು. ಅವಳು ನನ್ನ ಹೆಗಲಿಗೆ ತಲೆ ಕೊಟ್ಟು, "ಸದ್ದು ಕೇಳೇ ಎಷ್ಟು ತುಂಬಿದೆ ಅಂತ ಹೇಳಬಹುದು ಅಕ್ಕ" ಎಂದಳು. ಚಿಕ್ಕಮ್ಮ ಸುಟ್ಟ ಹಲಸಿನ ಹಪ್ಪಳ ತಂದುಕೊಟ್ಟರು. ನಮ್ಮ ಬಾಲ್ಯದಲ್ಲಿ ಇದಕ್ಕಿಂತ ದೊಡ್ಡ ಸಂತೋಷಗಳು ಇದ್ದಿರಬೇಕು, ಆದರೆ ನನಗೆ ಮೊದಲು ನೆನಪಾಗುವುದು ಆ ಪಾತ್ರೆಯೇ.

ತುಂಬಿದ ಮೇಲೆ ಅವಳು ಶಾಲೆಯಿಂದ ತಂದ ಒಂದು ನೀಲಿ ಕಾಗದದ ಚೂರನ್ನು ಅದರಲ್ಲಿ ಅದ್ದಿದಳು. ಹುಳಿ ಇದ್ದರೆ ಅದು ಕೆಂಪಾಗುತ್ತದಂತೆ. ಅದು ನೀಲಿಯಾಗಿಯೇ ಉಳಿಯಿತು. ಚಿಕ್ಕಮ್ಮ ಬಗ್ಗಿ ನೋಡಿ, "ನಮ್ಮೂರ ಮಳೆ ಪಾಸಾಯ್ತಾ?" ಎಂದು ಕೇಳಿದರು.

"ಫಸ್ಟ್ ಕ್ಲಾಸು" ಎಂದಳು ತಂಗಿ.

ಆ ನೀರನ್ನು ಎರಡು ಬಾಟಲಿಗೆ ತುಂಬಿ ತಂದೆವು. ಹುಳಿ ಮಾಡಲು ಅವಳ ಮೇಷ್ಟರು ಒಂದು ಪುಟ್ಟ ಸೀಸೆಯಲ್ಲಿ ಆಮ್ಲ ಕೊಟ್ಟಿದ್ದರು. ಅದೇ ಕೆರೆಕಟ್ಟೆಯ ಮಳೆನೀರಿಗೆ ಸ್ವಲ್ಪ ಆಮ್ಲ ಸೇರಿಸಿದ್ದು ಎರಡನೆಯ ನೀರು, ಹೆಚ್ಚು ಸೇರಿಸಿದ್ದು ಮೂರನೆಯದು. ಮಣ್ಣು ಹುಳಿಯನ್ನು ನುಂಗಿಬಿಡುತ್ತದೆ, ಮರಳೇ ಆಗಬೇಕು ಎಂದು ಮೇಷ್ಟರು ಹೇಳಿದ್ದರಂತೆ. ಹೊಳೆ ಮರಳನ್ನು ನಾನು ತೊಳೆದು ತೊಳೆದು ಕೊಟ್ಟೆ. ಮೂರು ತೆಂಗಿನ ಕರಟಗಳಿಗೆ ತೂತು ಕೊರೆದು ಮರಳು ತುಂಬಿದಳು. ನಾನು ಒಂದೇ ಗಾತ್ರದ ಹೆಸರುಕಾಳು ಆರಿಸಿಕೊಟ್ಟೆ. ಒಂದೊಂದು ನೀರಿನಲ್ಲಿ ಹತ್ತು ಕಾಳು ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಕರಟಕ್ಕೆ ಹಾಕಿ, ಅದೇ ನೀರನ್ನೇ ಮರಳಿಗೂ ಹನಿಸಿದಳು. ಆಮೇಲೆ ಮೂರನ್ನೂ ನರ್ಸರಿಯ ಮಾಡಿನ ಕೆಳಗೆ ಒಂದು ಮೂಲೆಯಲ್ಲಿಟ್ಟು ಅಡಿಕೆ ಹಾಳೆ ಮುಚ್ಚಿ, ಹಾಳೆಯ ಮೇಲೆ ಕಲ್ಲಿಟ್ಟಳು. ಪ್ರದರ್ಶನದಲ್ಲಿ ಪರೀಕ್ಷಕರ ಎದುರೇ ಹಾಳೆ ತೆಗೆಯುವುದು ಅವಳ ಯೋಚನೆ.

"ಮುಂಚೇನೇ ತೆಗೆದು ನೋಡಿದ್ರೆ ಏನೋ ಮಾಡಿದಾಳೆ ಅಂತಾರೆ. ಅಲ್ಲೇ ತೆಗೆದ್ರೆ ನಂಬ್ಲೇ ಬೇಕು. ಅದಕ್ಕೇ ಯಾರೂ ಮುಟ್ಟಬೇಡಿ. ಅಮ್ಮ, ಕೇಳಿಸ್ತಾ?"

"ನಮಗೇನು, ನಾವು ಕೋಳಿ ಅಲ್ಲ" ಎಂದರು ಅಮ್ಮ.

ಅವಳು ಕಾಳು ಹಾಕಿದ ದಿನವೇ ನಾನು, ಯಾರೂ ಹೇಳದೆ, ಉಳಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಗೋಣಿಯ ಕೆಳಗೆ ಇಟ್ಟಿದ್ದೆ. ಸತ್ತ ಕಡೆಗೆ ಇರಲಿ ಎಂದು. ನರ್ಸರಿಯವರು ಬೀಜ ಹಾಕುವುದೇ ಹಾಗೆ.

ಹೊರಡುವ ಹಿಂದಿನ ದಿನ ಸಂಜೆ ಅವಳು ಚಾರ್ಟಿಗೆ ಬಣ್ಣ ಹಚ್ಚುತ್ತ ಒಳಗೆ ಕೂತಿದ್ದಳು. ನಾನು ಸಸಿಗಳಿಗೆ ನೀರು ಬಿಡುತ್ತ ಆ ಮೂಲೆಗೆ ಬಂದೆ. ಹಾಕಿದ ಬೀಜವನ್ನು ಮುಚ್ಚಿಟ್ಟು ಮರೆತು ತಿರುಗುವುದು ನನಗೆ ಗೊತ್ತಿಲ್ಲದ ಕೆಲಸ. ಕಲ್ಲು ಸರಿಸಿ ಹಾಳೆ ಎತ್ತಿದೆ. ಮೊದಲನೆಯ ಕರಟದಲ್ಲಿ ಹತ್ತೂ ಮೇಲೆ ಬಂದಿದ್ದವು. ಎರಡನೆಯದರಲ್ಲಿ ಮೂರು ಕಡೆ ಖಾಲಿ, ಇದ್ದವೂ ಸಪೂರ. ಮೂರನೆಯದರಲ್ಲಿ ಮರಳು ಹಾಗೆಯೇ ಇತ್ತು. ಒಂದು ಗಿಡ್ಡ ಮೊಳಕೆ ಬಗ್ಗಿಕೊಂಡಿತ್ತು, ಇನ್ನೊಂದು ಕಾಳು ಬಿರಿದು ಬೇರಿನ ತುದಿ ಕಂದಾಗಿ ನಿಂತಿತ್ತು. ಬೆರಳು ಹಾಕಿ ನೋಡಿದೆ. ಉಳಿದವು ಊದಿಕೊಂಡು ಮೆತ್ತಗಾಗಿದ್ದವು.

ಮೊಳೆಯದೇ ಇರುವುದನ್ನು ತೋರಿಸುವುದಕ್ಕಾಗಿ ಒಬ್ಬರು ಬೀಜ ಹಾಕಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಪಾಪ, ನಾಳೆ ಅಷ್ಟು ಜನರೆದುರು ಹಾಳೆ ತೆಗೆಯುತ್ತಾಳೆ, ಕರಟ ಖಾಲಿ ಇರುತ್ತದೆ, ನಗುತ್ತಾರೆ ಎಂದುಕೊಂಡೆ. ಅಷ್ಟೇ. ಗೋಣಿಯ ಕೆಳಗಿದ್ದ ಬಟ್ಟೆಯ ಗಂಟು ಬಿಚ್ಚಿದೆ. ಅದರಲ್ಲಿ ಚೆನ್ನಾಗಿ ಬಂದಿದ್ದು ಹತ್ತು ಸಿಕ್ಕಿತು. ಸತ್ತದ್ದನ್ನೂ ಬಗ್ಗಿದ್ದನ್ನೂ ತೆಗೆದು ಆ ಹತ್ತನ್ನು ಮೂರನೆಯ ಕರಟದಲ್ಲಿ ಇಟ್ಟೆ. ಎರಡನೆಯದಕ್ಕೆ ಉಳಿಯಲಿಲ್ಲ. ನೆಟ್ಟ ಮೇಲೆ ನೀರು ಹಾಕದೆ ಏಳುವವಳಲ್ಲ ನಾನು. ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು, ಕರಟದ ತೂತಿನಿಂದ ಧಾರೆಯಾಗಿ ಇಳಿಯುವಷ್ಟು ಹಾಕಿದೆ. ಹಾಳೆ ಮುಚ್ಚಿ ಕಲ್ಲಿಟ್ಟೆ. ಒಳಗೆ ಹೋಗಿ ಅವಳು ಚಾರ್ಟಿಗೆ ಹಚ್ಚುತ್ತಿದ್ದ ನೀಲಿ ಬಣ್ಣ ನೋಡಿ, ಚೆನ್ನಾಗಿದೆ ಎಂದೆ. ಅವಳಿಗೆ ನಾನೊಂದು ಉಪಕಾರ ಮಾಡಿದ್ದೇನೆ, ಅವಳಿಗೆ ಗೊತ್ತೇ ಇಲ್ಲ ಎನ್ನುವ ಗುಟ್ಟಿನ ಖುಷಿಯಲ್ಲಿ ಊಟ ಮಾಡಿದೆ.

ಮರುದಿನ ಕರಟಗಳನ್ನು ಬುಟ್ಟಿಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಕೊಪ್ಪಕ್ಕೆ ಬಸ್ಸಿನಲ್ಲಿ ಹೋದದ್ದು ನಾನೇ. ಅವಳ ಕೈಯಲ್ಲಿ ಚಾರ್ಟು ಇತ್ತು. ದಾರಿಯುದ್ದಕ್ಕೂ ತಿರುವಿನಲ್ಲೆಲ್ಲ "ಅಕ್ಕ, ಹಿಡ್ಕೊ" ಎನ್ನುತ್ತಿದ್ದಳು.

ಶಾಲೆಯ ಉದ್ದನೆಯ ಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಹೊಗೆ ಕಾರುವ ಜ್ವಾಲಾಮುಖಿ, ಥರ್ಮೋಕೋಲಿನ ಅಣೆಕಟ್ಟು, ಬಲ್ಬು ಹತ್ತುವ ಪೆಟ್ಟಿಗೆ. ನಮ್ಮದು ಮೂರು ಕರಟ. ಪಕ್ಕದ ಬೆಂಚಿನ ಹುಡುಗರು "ಕಾಯಿ ತುರ್ದು ಮುಗೀತಾ?" ಎಂದು ಅಣಕಿಸಿದರು. ತಂಗಿ ತಿರುಗಿ ಕೂಡ ನೋಡಲಿಲ್ಲ. ನಾನು ಖಾಲಿ ಬುಟ್ಟಿ ಹಿಡಿದು ಗೋಡೆಗೆ ಒರಗಿ ನಿಂತೆ.

ಪರೀಕ್ಷಕರು ಬಂದರು. ಕೊಡೆಯನ್ನು ತೋಳಿಗೆ ಸಿಕ್ಕಿಸಿಕೊಂಡಿದ್ದ ವಯಸ್ಸಾದವರು, ಒರಟು ಮನುಷ್ಯರಲ್ಲ. ತಂಗಿ ಚಾರ್ಟು ತೋರಿಸಿ ಗಟ್ಟಿಯಾಗಿ ಹೇಳತೊಡಗಿದಳು. ಆಮ್ಲ ಮಳೆ ಎಂದರೇನು, ಹುಳಿ ಹೆಚ್ಚಾದಷ್ಟೂ ಬೀಜ ಮೊಳೆಯುವುದು ಹೇಗೆ ಕಡಿಮೆಯಾಗುತ್ತದೆ, ಮೂರನೆಯ ಕರಟದಲ್ಲಿ ಎಲ್ಲಕ್ಕಿಂತ ಕಡಿಮೆ ಇರಬೇಕು. ಅದನ್ನು ನಾನು ಅಲ್ಲಿ, ಗೋಡೆಗೆ ಒರಗಿ, ಮೊದಲ ಸಲ ಪೂರ್ತಿಯಾಗಿ ಕೇಳಿದೆ. ಕೈಯಲ್ಲಿದ್ದ ಬುಟ್ಟಿ ಇದ್ದಕ್ಕಿದ್ದಂತೆ ಭಾರವಾಯಿತು.

ಅವಳು ಮೊದಲ ಹಾಳೆ ತೆಗೆದಳು. ಹತ್ತು. ಎರಡನೆಯದು. ಏಳು. ಪರೀಕ್ಷಕರು ತಲೆಯಾಡಿಸಿದರು. ಮೂರನೆಯದು ತೆಗೆದು ಅವಳು ಬಗ್ಗಿ ಎರಡು ಸಲ ಎಣಿಸಿದಳು.

"ಇದು ಹೆಚ್ಚು ಹುಳಿಯದ್ದಾ?"

"ಹೌದು ಸರ್."

"ಇಲ್ಲಿ ಹತ್ತೂ ಬಂದಿದೆಯಲ್ಲಮ್ಮ."

"ಹೌದು ಸರ್. ಯಾಕೆ ಅಂತ ಗೊತ್ತಿಲ್ಲ."

ಅವರು ಅವಳದೇ ನೀಲಿ ಕಾಗದವನ್ನು ತಗೊಂಡು ಮೂರನೆಯ ಕರಟದ ಒದ್ದೆ ಮರಳಿಗೆ ಒತ್ತಿದರು. ಅದು ಕೆಂಪಾಗಲಿಲ್ಲ. ಎರಡನೆಯದಕ್ಕೆ ಒತ್ತಿದರು. ನಸುಗೆಂಪಾಯಿತು. ಅವರು ಕಾಗದಗಳೆರಡನ್ನೂ ಅವಳ ಮುಂದೆ ಇಟ್ಟರು.

"ಇದಕ್ಕೆ ನೀನು ಹುಳಿ ನೀರು ಹಾಕೇ ಇಲ್ಲ."

"ಹಾಕಿದೀನಿ ಸರ್."

"ಮರೆತಿರಬಹುದು. ತಪ್ಪಲ್ಲ, ಹೇಳಿಬಿಡು."

"ಮರೆತಿಲ್ಲ ಸರ್. ನಾನೇ ಹಾಕಿದ್ದು."

ಅವಳ ಮೇಷ್ಟರು ಹಿಂದಿನಿಂದ ಮೆಲ್ಲಗೆ, "ಮರೆತೆ ಅಂತ ಹೇಳೇ" ಎಂದರು. ಪಕ್ಕದ ಬೆಂಚಿನವರು ತಮ್ಮ ಜ್ವಾಲಾಮುಖಿ ಬಿಟ್ಟು ಇತ್ತಲೇ ನೋಡುತ್ತಿದ್ದರು. ತಂಗಿಯ ಕಿವಿಗಳು ಕೆಂಪಗಾಗಿದ್ದವು. "ಹಾಕಿದ್ದು ಹಾಕಿದೀನಿ ಅಂತಾನೇ ಹೇಳ್ಬೇಕಲ್ಲ ಸರ್" ಎಂದಳು. ಪರೀಕ್ಷಕರು ಕಾಗದಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ, ವಿಜ್ಞಾನದಲ್ಲಿ ಸೋಲಬಹುದು, ಸುಳ್ಳು ಹೇಳಬಾರದು ಎಂದು ಮೆಲುದನಿಯಲ್ಲಿ ಹೇಳಿ ಮುಂದಿನ ಬೆಂಚಿಗೆ ಹೋದರು.

ಅವರ ಮತ್ತು ನನ್ನ ನಡುವೆ ನಾಲ್ಕು ಮಾರು ದೂರವಿತ್ತು. ಒಂದು ಮಾತು ಸಾಕಿತ್ತು. ನನ್ನ ಉಗುರಿನ ಸಂದಿಯಲ್ಲಿ ನರ್ಸರಿಯ ಮಣ್ಣಿತ್ತು, ಸುತ್ತ ಯೂನಿಫಾರ್ಮು ಹಾಕಿದ ಮಕ್ಕಳು, ಪ್ಯಾಂಟು ಹಾಕಿದ ಮೇಷ್ಟರುಗಳು. ಬಾಯಿ ತೆರೆದರೆ, ತಂಗಿ ಏನು ಮಾಡುತ್ತಿದ್ದಾಳೆಂದೇ ತಿಳಿಯದ ದಡ್ಡಿ ನಾನು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಬೀಜದ ವಿಷಯ ನನಗೆ ಬಿಡು ಎಂದಿದ್ದೆನಲ್ಲ. ನಾನು ನೆಲ ನೋಡುತ್ತ ನಿಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅವಳು ಯೋಚಿಸುತ್ತಿದ್ದಳು.

"ಅಕ್ಕ, ಹಾಳೆ ಹುಳಿ ಎಳ್ಕೊಳ್ಳುತ್ತಾ?"

"ಎಂತದೋ."

"ಹಂಗಾದ್ರೆ ಎರಡನೇದರದ್ದೂ ಎಳ್ಕೋಬೇಕಿತ್ತು." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮಳೆ ಏನಾದ್ರೂ ಒಳಗೆ ಬಿತ್ತಾ? ಆ ಮೂಲೇಲಿ ಸೋರಲ್ಲ ಅಲ್ವಾ?"

"ಸೋರಲ್ಲ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀನೇನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ ಮಾರಾಯ್ತಿ" ಎಂದೆ.

ಅವಳು ನಂಬಿದಳು. ಕಿಟಕಿಯ ಕಡೆ ತಿರುಗಿ, ಎದೆಗೊತ್ತಿಕೊಂಡಿದ್ದ ಚಾರ್ಟನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಸುತ್ತಿದಳು.

ಮತ್ತೊಮ್ಮೆ ಮಾಡಿ ನೋಡಬೇಕೆಂದು ಅವಳಿಗೆ ಆಸೆಯಿತ್ತು. ಮೇಷ್ಟರು ಆಮ್ಲದ ಸೀಸೆ ಮತ್ತೆ ಕೊಡಲಿಲ್ಲ. ಬೈಯಲೂ ಇಲ್ಲ, ಅವಳನ್ನು ಯಾವುದಕ್ಕೂ ಕರೆಯುವುದನ್ನು ಬಿಟ್ಟರು. ಹತ್ತನೆಯ ತರಗತಿ ಚೆನ್ನಾಗಿಯೇ ಪಾಸಾದಳು. ಕಾಲೇಜಿಗೆ ಸೇರುವಾಗ ಅಪ್ಪ ಸೈನ್ಸ್ ತಗೊ ಎಂದರೆ, "ನನ್ನ ಕೈಗೆ ಪ್ರಯೋಗ ಹತ್ತಲ್ಲ ಅಪ್ಪ" ಎಂದು ಆರ್ಟ್ಸ್ ತಗೊಂಡಳು. ನಾನು ಅಡುಗೆಮನೆಯಲ್ಲಿದ್ದೆ. ಕೇಳಿಸಿತು. ಅವಳು ಪಾತಿ ಕೆದಕುವುದನ್ನೂ ಬಿಟ್ಟಳು. ಅಮ್ಮ ಒಂದು ದಿನ, "ಕೋಳಿಗೆ ಬುದ್ಧಿ ಬಂತು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮದುವೆಯಾಗಿ ಅವಳು ಶೃಂಗೇರಿಗೆ ಹೋದಳು. ಬಸ್ ನಿಲ್ದಾಣದ ಹತ್ತಿರ ಗಂಡ ಹೆಂಡತಿ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಮಠಕ್ಕೆ ಬರುವವರಿಗೆ ಬೆಳಿಗ್ಗೆ ಇಡ್ಲಿ, ಸಂಜೆ ಬನ್ಸ್. ಚೆನ್ನಾಗಿದ್ದಾಳೆ. ಅವಳ ಬದುಕು ಹಾಳಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಬಾಣಂತನ ನಾನೇ ಮಾಡಿದೆ, ಹೋಟೆಲು ಶುರು ಮಾಡುವಾಗ ನನ್ನ ಬಳೆ ಕೊಟ್ಟೆ, ಹೋದಾಗಲೆಲ್ಲ ತೆಂಗಿನಕಾಯಿ, ಕಾಳುಮೆಣಸು ಕೊಂಡೊಯ್ದೆ. ಅವಳಿಗೆ ಸಲ್ಲಬೇಕಾದ ಆ ಒಂದು ಮಾತನ್ನು ಮಾತ್ರ ಕೊಡಲಿಲ್ಲ. "ಅಕ್ಕ ಇದ್ರೆ ಅಕ್ಕನ ಥರ ಇರ್ಬೇಕು" ಎಂದು ಅವಳು ಅಕ್ಕಪಕ್ಕದವರ ಹತ್ತಿರ ಹೇಳುವಾಗ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಈ ಮಳೆಗಾಲದಲ್ಲಿ ಹೋಗಿದ್ದಾಗ ಅವಳ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಅವಳೀಗ ಒಂಬತ್ತನೇ ತರಗತಿ. ಹೋಟೆಲಿನ ಹಿಂದಿನ ಕೋಣೆಯಲ್ಲಿ ತಂಗಿ ಬೀನ್ಸ್ ಹೆಚ್ಚುತ್ತಿದ್ದಳು.

"ದೊಡ್ಡಮ್ಮ, ನೀವಾದ್ರೂ ಹೇಳಿ. ಆಮ್ಲ ಮಳೆ ಬಂದ್ರೆ ಬೀಜ ಮೊಳೆಯಲ್ಲ ಅಂತ ಟೀಚರ್ ಪಾಠ ಮಾಡಿದ್ರು. ಮನೇಲಿ ಹೇಳಿದ್ರೆ ಅಮ್ಮ ಹಂಗೇನಿಲ್ಲ ಅಂದ್ರು. ನಾನು ಮರುದಿನ ಕ್ಲಾಸಲ್ಲಿ ಎದ್ದು ನಿಂತು, ನಮ್ಮಮ್ಮ ಮಾಡಿ ನೋಡಿದಾರೆ, ಏನೂ ಆಗಲ್ಲ ಅಂತೆ ಅಂದೆ. ಇಡೀ ಕ್ಲಾಸು ನಗ್ತು."

"ನಗ್ಲಿ ಬಿಡು" ಎಂದಳು ತಂಗಿ. "ನಾನು ಕಣ್ಣಾರೆ ನೋಡಿದೀನಿ."

"ಅಮ್ಮ ಇಡ್ಲಿ ಹಿಟ್ಟಿಗೆ ಬೀಜ ಹಾಕಿರ್ಬೇಕು."

"ಕಿರಿಕ್ ಮಾಡ್ಬೇಡ. ಹತ್ತಕ್ಕೆ ಹತ್ತು ಬಂದಿತ್ತು. ಅವತ್ತು ಅಷ್ಟು ದೊಡ್ಡ ಮನುಷ್ಯರು ಸುಳ್ಳು ಅಂದ್ರೂ ನಾನು ಹೇಳಿದ್ದು ಅದನ್ನೇ, ಇವತ್ತೂ ಅದನ್ನೇ ಹೇಳ್ತೀನಿ. ಪುಸ್ತಕ ಏನಾದ್ರೂ ಹೇಳ್ಲಿ."

ಮಗಳು ನಗುತ್ತ ನನ್ನತ್ತ ನೋಡಿದಳು. ಅವಳ ನಗುವಿನಲ್ಲಿ ಅವತ್ತಿನ ಪ್ರದರ್ಶನದ ಪಕ್ಕದ ಬೆಂಚು ಕಂಡಿತು. ಆದರೆ ಈ ಸಲ ನಗುತ್ತಿದ್ದುದು ತಂಗಿಯ ಹೊಟ್ಟೆಯ ಮಗಳು. ಒಂದು ಸುಳ್ಳನ್ನು ಸತ್ಯವೆಂದು ಹಿಡಿದುಕೊಂಡು ಇಷ್ಟು ವರ್ಷ ತಂಗಿ ಒಬ್ಬಳೇ ನಿಂತಿದ್ದಾಳೆ, ಅದು ನಾನು ಹಿಡಿಸಿದ್ದು.

"ಬಂದಿರಲಿಲ್ಲ" ಎಂದೆ. "ಮೂರನೇ ಕರಟದಲ್ಲಿ ಬಂದಿರಲಿಲ್ಲ ಕಣೇ. ಬಟ್ಟೇಲಿ ಕಟ್ಟಿಟ್ಟಿದ್ದ ಬೇರೆ ಮೊಳಕೆ ತಂದು ನಾನು ಇಟ್ಟಿದ್ದೆ. ಹಿಂದಿನ ಸಂಜೆ. ನೀರೂ ನಾನೇ ಹಾಕಿದ್ದು."

ತಂಗಿಯ ಕೈಯ ಚಾಕು ನಿಂತಿತು. ಮಗಳು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು.

"ಬಸ್ಸಲ್ಲಿ ಕೇಳಿದ್ದೆ ನಾನು" ಎಂದಳು ತಂಗಿ.

"ಹೌದು, ಕೇಳಿದ್ದೆ ನೀನು" ಎಂದೆ.

ಅವಳು ಉಳಿದ ಬೀನ್ಸ್ ಹೆಚ್ಚಿ ಮುಗಿಸಿದಳು. ತಟ್ಟೆ ಎತ್ತಿಕೊಂಡು, ಗಿರಾಕಿಗಳು ಬಂದಿದ್ದಾರೆ ಎಂದು ಮುಂದಿನ ಕೋಣೆಗೆ ಹೋದಳು. ಮತ್ತೆ ಹಿಂದಕ್ಕೆ ಬರಲಿಲ್ಲ. ನಾನು ಬಸ್ಸಿಗೆ ಹೊರಟಾಗ ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಚಿಲ್ಲರೆ ಕೊಡುತ್ತಿದ್ದಳು. ಬರುತ್ತೇನೆ ಎಂದದ್ದಕ್ಕೆ ತಲೆಯಾಡಿಸಿದಳು, ಅಷ್ಟೇ.

ಭಾನುವಾರ ಭಾನುವಾರ ಬರುತ್ತಿದ್ದ ಅವಳ ಫೋನು ನಿಂತಿತು. ನಾನಾಗಿ ಮಾಡುವ ಧೈರ್ಯವಿರಲಿಲ್ಲ. ಬೆಳಿಗ್ಗೆ ಸಾಲುಗಳ ನಡುವೆ ತಿರುಗುವಾಗ ಖಾಲಿ ತೊಟ್ಟೆ ಕಂಡರೆ ಕೈ ಹೋಗುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಆಮೇಲೆ ಕೆಲಸ ಮಾಡುತ್ತಿತ್ತು. ಸಸಿ ಮಾರುವವಳು ನಾನು, ಬೇರೆ ದಾರಿಯಿಲ್ಲ.

ಮಳೆ ಸ್ವಲ್ಪ ಹಿಡಿದಿದ್ದ ಒಂದು ಮಧ್ಯಾಹ್ನ ಫೋನು ಬಂತು. ಹಿಂದಿನಿಂದ ಹೋಟೆಲಿನ ಲೋಟಗಳ ಸದ್ದು ಕೇಳುತ್ತಿತ್ತು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಅಕ್ಕ, ಅವತ್ತು ಮೂರನೇದರಲ್ಲಿ ಎಷ್ಟು ಬಂದಿತ್ತು? ಸರಿಯಾಗಿ ಹೇಳು."

"ಎರಡು."

"ಹೆಂಗಿತ್ತು?"

"ಒಂದು ಗಿಡ್ಡ, ಬಗ್ಗಿತ್ತು. ಇನ್ನೊಂದು ಮೇಲೆ ಬಂದಿರ್ಲಿಲ್ಲ, ಬಿರಿದಿತ್ತು. ಬೇರಿನ ತುದಿ ಕಂದಾಗಿತ್ತು."

"ಎರಡನೇ ಕರಟ ಮುಟ್ಟಿದ್ಯಾ?"

"ಇಲ್ಲ."

"ಯಾಕೆ? ಅದರಲ್ಲೂ ಖಾಲಿ ಇತ್ತಲ್ಲ."

"ಮೊಳಕೆ ಸಾಕಾಗ್ಲಿಲ್ಲ."

ಅವಳ ಮೂಗಿನಿಂದ ಸಣ್ಣ ಸದ್ದೊಂದು ಬಂತು. ನಗುವೋ ಏನೋ ತಿಳಿಯಲಿಲ್ಲ. ಆಮೇಲೆ ಅವಳು ಫೋನನ್ನು ಸ್ವಲ್ಪ ದೂರ ಹಿಡಿದು ಮಗಳಿಗೆ ಹೇಳುವುದು ಕೇಳಿಸಿತು. "ಕೇಳಿಸ್ತಾ? ಹತ್ತು, ಏಳು, ಎರಡು. ಹೆಂಗೆ ಬರ್ಬೇಕೋ ಹಂಗೇ ಬಂದಿತ್ತು. ನಾನು ಮಾಡಿದ್ದು ಸರಿ ಇತ್ತು."

ನಾನು ಕಾಯುತ್ತಿದ್ದೆ. ಯಾವ ಮಾತಿಗೆ ಎಂದು ನನಗೂ ಗೊತ್ತಿರಲಿಲ್ಲ.

"ಇವಳಿಗೆ ಅದನ್ನೇ ಮಾಡಿಸ್ತೀನಿ" ಎಂದಳು ತಂಗಿ. "ಇಲ್ಲಿ ಹೋಟೆಲಲ್ಲಿ ಇಡೋಕೆ ಜಾಗ ಇಲ್ಲ, ಇಲಿ ಬೇರೆ. ನಿಮ್ಮಲ್ಲಿ ಆ ಮೂಲೆ ಇದೆಯಲ್ಲ, ಅಲ್ಲೇ ಇಡ್ತೀವಿ. ನೀನು ಆ ಕಡೆ ಬರ್ಬಾರ್ದು."

"ಬರಲ್ಲ."

"ಬಟ್ಟೇಲಿ ಕಟ್ಟಿಡೋದೂ ಬೇಡ."

"ಇಲ್ಲ."

ತಾಯಿ ಮಗಳು ನಿನ್ನೆ ಬಂದು ಕಾಳು ಹಾಕಿ ಹೋಗಿದ್ದಾರೆ. ಮಧ್ಯೆ ತಂಗಿ ನನ್ನೊಡನೆ ಆಡಿದ್ದು ಎರಡೋ ಮೂರೋ ಮಾತು, ಎಲ್ಲ ಮರಳಿನ ಬಗ್ಗೆ. ಈ ಸಲ ಕೆರೆಕಟ್ಟೆಗೆ ಅವರಿಬ್ಬರೇ ಹೋಗಿ ನೀರು ತಂದಿದ್ದಾರೆ. ಸಸಿಗಳಿಗೆ ನೀರು ಹಿಡಿಯುವ ನಲ್ಲಿ ಇರುವುದು ಆ ಮೂಲೆಯ ಪಕ್ಕದಲ್ಲಿಯೇ. ನಾನು ಇವತ್ತು ಬೆಳಿಗ್ಗೆಯಿಂದ ಕಾಫಿ ಸಸಿಗಳ ಹಿಂದಿನಿಂದ ಸುತ್ತು ಹಾಕಿ, ಆಚೆಯ ಬಾವಿಯಿಂದ ನೀರು ಹೊರುತ್ತಿದ್ದೇನೆ.